ಮೊದಲು ಗುಂಡು ಹಾರಿಸಿದ್ದು ಯಾರು? ಸ್ಟಾರ್ ವಾರ್ಸ್ ಜಗಳ ಅರ್ಥವಾಗಬೇಕಾದರೆ

ಕಳೆದ ತಿಂಗಳು ಅಕ್ಕನ ಮಗ ಆಫೀಸಿನ ಗೆಳೆಯನೊಬ್ಬನನ್ನು ಊಟಕ್ಕೆ ಕರೆತಂದಿದ್ದ. ಸಾರನ್ನ ಮುಗಿಯುವ ಹೊತ್ತಿಗೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. "ಹಾನ್ ಮೊದಲು ಹೊಡೆದ, ಅಷ್ಟೇ" ಅಂತ ಒಬ್ಬ. "ಈಗಿರೋ ವರ್ಷನ್ ನೋಡು, ಗ್ರೀಡೋನೇ ಮೊದಲು" ಅಂತ ಇನ್ನೊಬ್ಬ. ಮಜ್ಜಿಗೆ ಬಡಿಸಿದರೂ ಜಗಳ ನಿಲ್ಲಲಿಲ್ಲ. ಅಮ್ಮ ಮೆಲ್ಲಗೆ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದರು: "ಯಾರು ಯಾರಿಗೆ ಹೊಡೆದದ್ದೋ? ಪೊಲೀಸ್ ಕೇಸ್ ಆಗಿದೆಯಾ?"

ಹೊಡೆದಾಟ ಆಗಿದ್ದು 1977ರ ಸ್ಟಾರ್ ವಾರ್ಸ್ ಎಂಬ ಸಿನಿಮಾದಲ್ಲಿ. ಸತ್ತವನು ಹಸಿರು ಚರ್ಮದ ಅನ್ಯಗ್ರಹದವನು. ಆದರೂ ಅಮ್ಮನಿಗೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಆಯಿತು. ಈ ಸರಣಿಗೆ 2027ಕ್ಕೆ ಐವತ್ತು ವರ್ಷ ತುಂಬುತ್ತದೆ. ಮೊದಲ ಸಿನಿಮಾವನ್ನು ಆ ವರ್ಷ ಮತ್ತೆ ಥಿಯೇಟರಿಗೆ ತರುವುದಾಗಿ ಅದನ್ನು ಮಾಡಿದ ಕಂಪನಿ ಲೂಕಸ್‌ಫಿಲ್ಮ್ ಪ್ರಕಟಿಸಿದೆ. ಅಂದರೆ ಇಂಥ ಜಗಳ ಇನ್ನೂ ಹಲವು ಮನೆಗಳ ಊಟದ ಹೊತ್ತಿಗೆ ಬರಲಿದೆ. ಒಂದೂ ಸಿನಿಮಾ ನೋಡದವರಿಗೂ ತಿಳಿಯುವ ಹಾಗೆ ಹೇಳುತ್ತೇನೆ. ಕಥೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ, ಮೊದಲೇ ಹೇಳಿಬಿಟ್ಟೆ.

ಕಥೆ ಇಷ್ಟು

ಬಹಳ ಹಿಂದೆ, ದೂರದ ಒಂದು ನಕ್ಷತ್ರಲೋಕ. ಅಲ್ಲಿ ಕ್ರೂರ ಸಾಮ್ರಾಜ್ಯವೊಂದು ಆಳುತ್ತಿದೆ, ಅದರ ವಿರುದ್ಧ ದಂಗೆಕೋರರು ಹೋರಾಡುತ್ತಿದ್ದಾರೆ. ಎಲ್ಲ ಜೀವಿಗಳ ನಡುವೆ ಹರಿಯುವ ಶಕ್ತಿಯೊಂದಿದೆ, ಅದರ ಹೆಸರು ಫೋರ್ಸ್. ಅದನ್ನು ಸಾಧಿಸಿ ಒಳ್ಳೆಯದಕ್ಕೆ ಬಳಸುವವರು ಜೆಡೈ. ಸಿಟ್ಟು, ದ್ವೇಷದಿಂದ ಅದೇ ಶಕ್ತಿ ಬಳಸುವವರು ಸಿತ್. ಇಬ್ಬರ ಕೈಯಲ್ಲೂ ಬೆಳಕಿನ ಕತ್ತಿ, ಅದೇ ಲೈಟ್‌ಸೇಬರ್.

ಮರಳುಗಾಡಿನ ಗ್ರಹವೊಂದರಲ್ಲಿ ಬೆಳೆದ ಲ್ಯೂಕ್ ಎಂಬ ಹುಡುಗ ರಾಜಕುಮಾರಿ ಲೇಯಾಳನ್ನು ಬಿಡಿಸಲು ಹೊರಡುತ್ತಾನೆ. ಜೊತೆಗೆ ಸಾಲದಲ್ಲಿ ಮುಳುಗಿದ ಕಳ್ಳಸಾಗಣೆಗಾರ ಹಾನ್ ಸೋಲೋ. ಎದುರಿಗೆ ಕಪ್ಪು ಮುಖವಾಡದ ಡಾರ್ತ್ ವೇಡರ್. ಆ ವೇಡರನೇ ಲ್ಯೂಕನ ಅಪ್ಪ. ಅವನ ಹಳೆಯ ಹೆಸರು ಅನಕಿನ್ ಸ್ಕೈವಾಕರ್. ಇಡೀ ಸರಣಿ ಈ ಸ್ಕೈವಾಕರ್ ಮನೆತನದ ಕಥೆ.

ಎಣಿಕೆ ನಾಲ್ಕರಿಂದ ಯಾಕೆ?

ಮುಖ್ಯ ಸಿನಿಮಾಗಳು ಒಂಬತ್ತು, ಮೂರು ಮೂರರ ಮೂರು ಗುಂಪು. ಆದರೆ ಮೊದಲು ಬಂದದ್ದು 4, 5, 6ನೇ ಭಾಗಗಳು (1977, 1980, 1983). ಆಮೇಲೆ 1, 2, 3 (1999, 2002, 2005). ಕೊನೆಗೆ 7, 8, 9 (2015, 2017, 2019). ಹಿಂದಿನ ಕಥೆ ಹೇಳುವ ಎರಡನೇ ಗುಂಪಿಗೆ ಪ್ರೀಕ್ವೆಲ್ ಅಂತಾರೆ, ಮುಂದಿನ ಕಥೆ ಹೇಳುವ ಮೂರನೆಯದಕ್ಕೆ ಸೀಕ್ವೆಲ್.

1977ರಲ್ಲಿ ಸಿನಿಮಾ ಬಿಡುಗಡೆಯಾದಾಗ ಅದರ ಮೇಲೆ ಯಾವ ನಂಬರೂ ಇರಲಿಲ್ಲ. ಹೆಸರು ಬರೀ ಸ್ಟಾರ್ ವಾರ್ಸ್. 1980ರಲ್ಲಿ ಬಂದ ಎರಡನೇ ಸಿನಿಮಾ ತನ್ನನ್ನು ಐದನೇ ಭಾಗ ಎಂದು ಕರೆದುಕೊಂಡಿತು. ಮೊದಲನೆಯದಕ್ಕೆ ನಾಲ್ಕನೇ ಭಾಗ ಎಂಬ ಪಟ್ಟ ಸಿಕ್ಕಿದ್ದು 1981ರ ಮರುಬಿಡುಗಡೆಯಲ್ಲಿ. ನಮಗೆ ಇದೇನು ವಿಚಿತ್ರವಲ್ಲ. ಮಹಾಭಾರತದ ಕಥೆಯೂ ಜನಮೇಜಯನ ಸರ್ಪಯಾಗದಲ್ಲಿ ಶುರುವಾಗಿ ಮುತ್ತಜ್ಜಂದಿರ ಕಾಲಕ್ಕೆ ಹೋಗುತ್ತದೆ ಅಲ್ವಾ.

ಹಳೆಯ ಮೂರನ್ನು ಅಷ್ಟೊಂದು ಪ್ರೀತಿಸುವುದೇಕೆ?

ಇದಕ್ಕೆ ಕಥೆಗಿಂತ ಕೈಕೆಲಸ ದೊಡ್ಡ ಕಾರಣ. ಅಲ್ಲಿಯವರೆಗೆ ಸಿನಿಮಾದ ಅಂತರಿಕ್ಷ ನೌಕೆಗಳು ಹೆಚ್ಚಾಗಿ ತೊಳೆದಿಟ್ಟ ಸ್ಟೀಲ್ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ನಿರ್ದೇಶಕ ಜಾರ್ಜ್ ಲೂಕಸ್ ಅವುಗಳಿಗೆ ಎಣ್ಣೆ ಜಿಡ್ಡು, ಗೀರು, ಮಸಿ ಹಚ್ಚಿಸಿದರು. ಹಾನ್‌ನ ನೌಕೆ ಆಗಾಗ ಕೆಟ್ಟು ನಿಲ್ಲುತ್ತದೆ, ಅವನು ಅದಕ್ಕೊಂದು ಗುದ್ದು ಕೊಡುತ್ತಾನೆ. ಹಳೇ ಲೂನಾ ಓಡಿಸಿದವರಿಗೆ ಆ ಸಂಕಟ ಹೊಸದಲ್ಲ.

ಸದ್ದು ಇನ್ನೊಂದು ಕಾರಣ. ಸದ್ದಿನ ಕೆಲಸ ಮಾಡಿದ ಬೆನ್ ಬರ್ಟ್ ಯಂತ್ರದಲ್ಲಿ ಸದ್ದು ಹುಟ್ಟಿಸುವ ಬದಲು ಸುತ್ತಲಿನ ಲೋಕದಿಂದ ಹೆಕ್ಕಿದರು. ಲೈಟ್‌ಸೇಬರ್‌ನ ಗುಂಯ್‌ಗುಡುವಿಕೆ ಸಿನಿಮಾ ಪ್ರೊಜೆಕ್ಟರ್ ಮೋಟಾರ್ ಮತ್ತು ಟಿವಿಯದ್ದು. ವೇಡರನ ಉಸಿರು ನೀರೊಳಗೆ ಈಜುವವರು ಕಚ್ಚಿಕೊಳ್ಳುವ ಗಾಳಿಯ ಸಲಕರಣೆಯದ್ದು. ಸಾಮ್ರಾಜ್ಯದ ಟೈ ಫೈಟರ್ ವಿಮಾನಗಳು ಕಿರುಚುತ್ತಾ ಹಾದುಹೋಗುತ್ತವಲ್ಲ, ಅದರಲ್ಲಿ ಆನೆಯ ಘೀಳು ಇದೆ. ಒದ್ದೆ ರಸ್ತೆಯಲ್ಲಿ ಓಡುವ ಕಾರಿನ ಸದ್ದಿಗೆ ಅದನ್ನು ಬೆರೆಸಿದ್ದಾರೆ. ಒಮ್ಮೆ ಗೊತ್ತಾದ ಮೇಲೆ ಆನೆ ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಮೊದಲ ವಾರ ಅಮೆರಿಕದಲ್ಲಿ ಐವತ್ತಕ್ಕಿಂತ ಕಡಿಮೆ ಥಿಯೇಟರುಗಳಲ್ಲಷ್ಟೇ ತೆರೆಕಂಡ ಸಿನಿಮಾ ಅದು. ಲೂಕಸ್ ತಮ್ಮ ಸಂಬಳ ಜಾಸ್ತಿ ಕೇಳದೆ, ಮುಂದಿನ ಭಾಗಗಳ ಹಕ್ಕು ಮತ್ತು ಆಟಿಕೆ ಮುಂತಾದವುಗಳ ಹಕ್ಕು ಉಳಿಸಿಕೊಂಡಿದ್ದರು. ಆಟಿಕೆಗೆ ಎಷ್ಟು ಬೇಡಿಕೆ ಬಂತೆಂದರೆ, ಕೆನ್ನರ್ ಕಂಪನಿಗೆ 1977ರ ಕ್ರಿಸ್‌ಮಸ್ ಹೊತ್ತಿಗೆ ಗೊಂಬೆ ಮಾಡಿ ಮುಗಿಸಲಾಗಲಿಲ್ಲ. ಅವರು ಗೊಂಬೆಯೇ ಇಲ್ಲದ ಪೊಟ್ಟಣ ಮಾರಿದರು. ಒಳಗೆ "ಗೊಂಬೆ ಆಮೇಲೆ ಕಳಿಸುತ್ತೇವೆ" ಅನ್ನುವ ಚೀಟಿ. ಜನ ಅದನ್ನೂ ಕೊಂಡರು! ಅಂಥ ಪೊಟ್ಟಣ ಬಿಚ್ಚಿದ ಮಕ್ಕಳಿಗೆ ಈಗ ಐವತ್ತು ದಾಟಿದೆ. ಜಗಳದ ಹಳೇ ಪಕ್ಷ ಅವರದ್ದೇ.

ಹಾಗಂತ ಹಳೆಯ ಮೂರರಲ್ಲಿ ತಪ್ಪೇ ಇಲ್ಲವೇ? ಇದೆ. 1983ರ ಸಿನಿಮಾದಲ್ಲಿ ಕಲ್ಲು, ಮರದ ದಿಮ್ಮಿ ಹಿಡಿದ ಇವೋಕ್ ಎಂಬ ಪುಟ್ಟ ಕರಡಿಯಂಥ ಜೀವಿಗಳು ಸಾಮ್ರಾಜ್ಯದ ಸೈನ್ಯವನ್ನು ಮಣಿಸುತ್ತವೆ. ಗೊಂಬೆ ಮಾರಲಿಕ್ಕೇ ಇವನ್ನು ತಂದರು ಎಂಬ ಆರೋಪ ಅಂದಿನಿಂದ ಇದೆ. ಲ್ಯೂಕ್ ಮತ್ತು ಲೇಯಾ ಅಣ್ಣ ತಂಗಿ ಎಂದು ಹೇಳಿದ್ದೂ ಅದೇ ಸಿನಿಮಾದಲ್ಲಿ. ಹಿಂದಿನ ಭಾಗದಲ್ಲಿ ಅವಳು ಅವನ ತುಟಿಗೆ ಮುತ್ತಿಟ್ಟಾಗಿತ್ತು. ಇದನ್ನು ಎತ್ತಿದರೆ ಎಂಥ ಅಭಿಮಾನಿಯೂ ಮಾತು ಬದಲಿಸುತ್ತಾನೆ.

ಅಪ್ಪನ ಗುಟ್ಟೂ ಮೊದಲಿನಿಂದ ಇದ್ದ ಹಾಗಿಲ್ಲ. ಎರಡನೇ ಸಿನಿಮಾಕ್ಕೆ 1978ರಲ್ಲಿ ಲೀ ಬ್ರಾಕೆಟ್ ಬರೆದ ಮೊದಲ ಕರಡಿನಲ್ಲಿ ಲ್ಯೂಕನ ಅಪ್ಪ ಪ್ರೇತವಾಗಿ ಬರುತ್ತಾನೆ, ವೇಡರ್ ಬೇರೆಯೇ ವ್ಯಕ್ತಿ. ಮುಂದಿನ ಕರಡಿನಲ್ಲಿ ಲೂಕಸ್ ಇಬ್ಬರನ್ನೂ ಒಂದು ಮಾಡಿದರು. ಆಗ ಒಂದು ತೊಡಕು ಬಂತು. ಗುರು ಓಬಿ-ವಾನ್ ಮೊದಲ ಸಿನಿಮಾದಲ್ಲಿ "ವೇಡರ್ ನಿನ್ನ ಅಪ್ಪನನ್ನು ಕೊಂದ" ಎಂದು ಹೇಳಿಯಾಗಿತ್ತು. ಮೂರನೆಯದರಲ್ಲಿ ಅವನು ಸಮಜಾಯಿಷಿ ಕೊಡುತ್ತಾನೆ: ಅನಕಿನ್ ಎಂಬ ಒಳ್ಳೆಯ ಮನುಷ್ಯ ವೇಡರ್ ಆದಾಗಲೇ ಸತ್ತ, ಹಾಗಾಗಿ ನಾನಂದದ್ದು ಒಂದು ಲೆಕ್ಕಕ್ಕೆ ನಿಜ. ಧರ್ಮರಾಯ ಅಶ್ವತ್ಥಾಮ ಸತ್ತ ಎಂದು ಗಟ್ಟಿಯಾಗಿ ಹೇಳಿ ಆನೆ ಎಂದು ಗೊಣಗಿದ ಹಾಗೆ! ಹೀಗೆ ಹೊಸ ಕಥೆಗೆ ಹೊಂದುವಂತೆ ಹಳೆಯದರ ಅರ್ಥ ತಿದ್ದುವುದಕ್ಕೆ ಅಭಿಮಾನಿಗಳು ರೆಟ್ಕಾನ್ ಅನ್ನುತ್ತಾರೆ.

ಹಾನ್ ಮತ್ತು ಗ್ರೀಡೋ

ಈಗ ಅಮ್ಮನ ಪ್ರಶ್ನೆ. ಹಾನ್ ಒಂದು ಹೆಂಡದಂಗಡಿಯಲ್ಲಿ ಕೂತಿದ್ದಾನೆ. ಅವನಿಗೆ ಸಾಲ ಕೊಟ್ಟು ಈಗ ಅವನ ತಲೆಗೆ ಬೆಲೆ ಕಟ್ಟಿದವನ ಕಡೆಯ ಗ್ರೀಡೋ ಬಂದು ಎದುರು ಕೂರುತ್ತಾನೆ, ಪಿಸ್ತೂಲು ಹಿಡಿದು ಬೆದರಿಸುತ್ತಾನೆ. 1977ರ ಸಿನಿಮಾದಲ್ಲಿ ಹಾನ್ ಮೇಜಿನ ಕೆಳಗಿಂದ ಸದ್ದಿಲ್ಲದೆ ಪಿಸ್ತೂಲು ತೆಗೆದು ಹೊಡೆಯುತ್ತಾನೆ. ಒಂದೇ ಗುಂಡು, ಗ್ರೀಡೋ ಖಲಾಸ್.

1997ರಲ್ಲಿ, ಇಪ್ಪತ್ತು ವರ್ಷ ತುಂಬಿದ ಸಂಭ್ರಮಕ್ಕೆ, ಲೂಕಸ್ ಹಳೆಯ ಮೂರನ್ನೂ ಕಂಪ್ಯೂಟರ್ ಗ್ರಾಫಿಕ್ಸ್ ಸೇರಿಸಿ ಮತ್ತೆ ಬಿಟ್ಟರು. ಅದರಲ್ಲಿ ಗ್ರೀಡೋ ಮೊದಲು ಹೊಡೆಯುತ್ತಾನೆ. ಒಂದು ಮೇಜಿನಷ್ಟು ದೂರದಿಂದ ಗುರಿ ತಪ್ಪುತ್ತಾನೆ! ಆಮೇಲೆ ಹಾನ್ ತಿರುಗಿ ಹೊಡೆಯುತ್ತಾನೆ. 2004ರ ಡಿವಿಡಿಯಲ್ಲಿ ಇಬ್ಬರ ಗುಂಡೂ ಹೆಚ್ಚುಕಡಿಮೆ ಒಟ್ಟಿಗೆ ಹಾರುತ್ತವೆ. 2019ರಲ್ಲಿ ಡಿಸ್ನಿ ಪ್ಲಸ್‌ಗೆ ಬಂದಾಗ ಗುಂಡಿಗೆ ಮುಂಚೆ ಗ್ರೀಡೋ ಬಾಯಲ್ಲಿ "ಮಕ್ಲಂಕಿ" ಎಂಬ ಹೊಸ ಮಾತೂ ಸೇರಿತ್ತು.

ಕಣ್ಣು ಮಿಟುಕಿಸುವಷ್ಟು ಹೊತ್ತಿನ ಬದಲಾವಣೆಗೆ ಇಷ್ಟು ರಂಪ ಯಾಕೆ? ಎರಡು ಕಾರಣ. ಮೊದಲನೆಯದು ಪಾತ್ರ. ಹಾನ್ ಶುರುವಿನಲ್ಲಿ ದುಡ್ಡಿಗಾಗಿ ಬದುಕುವ, ಬೇಕಾದರೆ ಎದುರಿಗೆ ಕೂತವನನ್ನು ಕೊಲ್ಲುವ ಮನುಷ್ಯ. ಕೊನೆಯಲ್ಲಿ ಅವನೇ ಗೆಳೆಯನಿಗಾಗಿ ಪ್ರಾಣ ಪಣಕ್ಕಿಡಲು ವಾಪಸ್ ಬರುತ್ತಾನೆ. ಶುರುವಿನಲ್ಲೇ ಅವನು ಬರೀ ಜೀವ ಉಳಿಸಿಕೊಳ್ಳಲು ಹೊಡೆದವನಾದರೆ, ಬದಲಾದದ್ದೇನು? ಬೇಟೆಯನ್ನೇ ಆಡದ ಬೇಡ ವಾಲ್ಮೀಕಿಯಾದ ಅಂದ ಹಾಗಾಗುತ್ತದೆ. ಹಾನ್ ಸುಮ್ಮನೆ ಕೊಲ್ಲುವವನಲ್ಲ ಎಂಬುದು ಲೂಕಸ್ ಕೊಟ್ಟ ಕಾರಣ.

ಎರಡನೆಯದು ಇನ್ನೂ ದೊಡ್ಡದು: ಸಿನಿಮಾ ಯಾರದ್ದು? 1988ರಲ್ಲಿ ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಬಳಿಯುವ ಚಟ ಶುರುವಾಗಿದ್ದಾಗ, ಅಮೆರಿಕದ ಸಂಸತ್ತಿನ ಮುಂದೆ ಹೋಗಿ ಹಳೆಯ ಸಿನಿಮಾಗಳನ್ನು ತಿದ್ದಬಾರದೆಂದು ವಾದಿಸಿದವರಲ್ಲಿ ಇದೇ ಲೂಕಸ್ ಒಬ್ಬರು. ಅಭಿಮಾನಿಗಳು ಆ ಭಾಷಣವನ್ನು ಇವತ್ತಿಗೂ ಅವರಿಗೇ ಓದಿಹೇಳುತ್ತಾರೆ. ಲೂಕಸ್ ಪರ ಇರುವವರ ಉತ್ತರವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ: ಅಂದು ಬಣ್ಣ ಬಳಿಯುತ್ತಿದ್ದದ್ದು ಸಿನಿಮಾ ಕೊಂಡ ಕಂಪನಿಗಳು, ಇಲ್ಲಿ ತಿದ್ದಿದ್ದು ಸಿನಿಮಾ ಮಾಡಿದವರೇ. ನನಗನಿಸುವ ಮಟ್ಟಿಗೆ ತಿದ್ದಿದ್ದಕ್ಕಿಂತ ದೊಡ್ಡ ತಪ್ಪು, ತಿದ್ದದ ಪ್ರತಿಯನ್ನು ಬಚ್ಚಿಟ್ಟದ್ದು. 2006ರಲ್ಲಿ ಡಿವಿಡಿಯ ಜೊತೆಗೆ ಹಳೆಯ ಪ್ರತಿ ಸಿಕ್ಕಿತ್ತು, ಅದೂ ಮಸುಕು ಮಸುಕಾಗಿ. ಕೊನೆಗೆ ಅಭಿಮಾನಿಗಳೇ ಹಳೆಯ ರೀಲುಗಳನ್ನು ಹುಡುಕಿ ಒಂದೊಂದೇ ಚೌಕ ಸ್ಕ್ಯಾನ್ ಮಾಡಿಕೊಂಡರು. 2025ರ ಜೂನ್‌ನಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1977ರ ಮೂಲ ಪ್ರಿಂಟನ್ನು ಲಂಡನ್ನಿನಲ್ಲಿ ತೋರಿಸಿದ್ದು ದೊಡ್ಡ ಸುದ್ದಿಯಾದದ್ದು ಇದಕ್ಕೇ.

ಪ್ರೀಕ್ವೆಲ್: ಬೈಗುಳ ತಿಂದು ದೊಡ್ಡದಾದ ಮೂರು

ಹದಿನಾರು ವರ್ಷ ಕಾದ ಮೇಲೆ 1999ರಲ್ಲಿ ಮೊದಲ ಭಾಗ ಬಂತು. ಅದರ ಟ್ರೇಲರ್ ನೋಡಲಿಕ್ಕೆಂದೇ ಬೇರೆ ಸಿನಿಮಾಕ್ಕೆ ಟಿಕೆಟ್ ಕೊಂಡು, ಟ್ರೇಲರ್ ಮುಗಿದ ಕೂಡಲೇ ಎದ್ದು ಹೋದವರಿದ್ದರು. ಅಷ್ಟು ಆಸೆ ಇಟ್ಟವರಿಗೆ ಶುರುವಿನ ಸಾಲುಗಳಲ್ಲೇ ಸಿಕ್ಕಿದ್ದು ವ್ಯಾಪಾರ ಮಾರ್ಗಗಳ ತೆರಿಗೆ ತಕರಾರು.

ಜನರಿಗೆ ಸಿಟ್ಟು ತರಿಸಿದ್ದರಲ್ಲಿ ಒಂದು ಮಿಡಿಕ್ಲೋರಿಯನ್. ಜೀವಕೋಶಗಳೊಳಗಿನ ಸೂಕ್ಷ್ಮ ಜೀವಿಗಳು ಇವು. ಜಾಸ್ತಿ ಇದ್ದಷ್ಟೂ ಫೋರ್ಸ್ ಬಲ ಜಾಸ್ತಿ. ಸಾಧನೆಯಿಂದ ಒಲಿಯುತ್ತದೆ ಎಂದುಕೊಂಡಿದ್ದ ಶಕ್ತಿಯನ್ನು ಹೀಗೆ ಎಣಿಸಿಟ್ಟದ್ದು, ಭಕ್ತಿ ಎಷ್ಟಿದೆ ಎಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಹಾಗಾಯಿತು. ಇನ್ನೊಂದು ಜಾರ್ ಜಾರ್ ಬಿಂಕ್ಸ್ ಎಂಬ ಎಡವಟ್ಟು ಹಾಸ್ಯಪಾತ್ರ. ಮಕ್ಕಳಿಗೆ ನಗು ಬಂತು, ದೊಡ್ಡವರಿಗೆ ಮೈ ಉರಿಯಿತು. ಆ ಪಾತ್ರ ಮಾಡಿದ ಅಹ್ಮದ್ ಬೆಸ್ಟ್ ವರ್ಷಗಟ್ಟಲೆ ನಿಂದನೆ ತಿಂದು ತೀರಾ ಕುಗ್ಗಿಹೋಗಿದ್ದನ್ನು ಆಮೇಲೆ ಅವರೇ ಹೇಳಿಕೊಂಡಿದ್ದಾರೆ.

ಪ್ರೇಮದ ಮಾತುಗಳು ಮರದ ಹಲಗೆಯಂತಿವೆ ಎಂಬ ದೂರೂ ಇತ್ತು. ಇದಕ್ಕೆ ವಿಮರ್ಶಕರು ಕೊಡುವ ಕಾರಣ ಕುತೂಹಲದ್ದು. ಹಳೆಯ ಮೂರರಲ್ಲಿ ಹೆಚ್ಚು ಹೊಗಳಿಕೆ ಪಡೆದ 1980ರ ಸಿನಿಮಾವನ್ನು ಲೂಕಸ್ ನಿರ್ದೇಶಿಸಿಲ್ಲ. ನಿರ್ದೇಶಕ ಇರ್ವಿನ್ ಕೆರ್ಶ್ನರ್, ಚಿತ್ರಕಥೆ ಬ್ರಾಕೆಟ್ ಮತ್ತು ಲಾರೆನ್ಸ್ ಕಾಸ್ಡನ್ ಹೆಸರಿನಲ್ಲಿದೆ. ಕಲ್ಪನೆ ಲೂಕಸ್‌ರದ್ದು, ಅದನ್ನು ಜರಡಿ ಹಿಡಿದವರು ಬೇರೆಯವರು. ಪ್ರೀಕ್ವೆಲ್ ಹೊತ್ತಿಗೆ ಅವರಿಗೆ ಬೇಡ ಎನ್ನುವವರು ಕಡಿಮೆಯಾಗಿದ್ದರು ಎಂಬುದು ವಾದ.

ಹಾಗಾದರೆ ಈಗ ಅದೇ ಸಿನಿಮಾಗಳನ್ನು ಹೊಗಳುವವರು ಯಾರು? 1999ರಲ್ಲಿ ಎಂಟು ಹತ್ತು ವರ್ಷದವರಾಗಿದ್ದ ಮಕ್ಕಳು. ನಮ್ಮ ಅಕ್ಕನ ಮಗನೂ ಅದೇ ಗುಂಪು. ಅವನು ಮೊದಲು ನೋಡಿದ್ದು ಸಿಡಿಯಲ್ಲಿ, ಪ್ರೀಕ್ವೆಲ್. ಅವನಿಗೆ ಕತ್ತಿವರಸೆ, ಸಂಗೀತ, ಒಂದು ಪ್ರಜಾಪ್ರಭುತ್ವ ಚಪ್ಪಾಳೆಯ ನಡುವೆಯೇ ಸರ್ವಾಧಿಕಾರವಾಗುವ ಕಥೆ, ಇದೆಲ್ಲ ಮುಖ್ಯ. 2008ರಲ್ಲಿ ಶುರುವಾದ ಅನಿಮೇಷನ್ ಸರಣಿ ಅನಕಿನ್ ಪಾತ್ರಕ್ಕೆ ಸಿನಿಮಾ ಕೊಡದಿದ್ದ ಸಮಯ ಕೊಟ್ಟಿತು. 2023ರಲ್ಲಿ ಅಹ್ಮದ್ ಬೆಸ್ಟ್ ಟಿವಿ ಸರಣಿಯೊಂದರಲ್ಲಿ ಜೆಡೈ ಆಗಿ ಬಂದಾಗ ಅಭಿಮಾನಿಗಳು ಕುಣಿದಾಡಿದರು.

ಕ್ಯಾನನ್ ಅಂದರೆ

ಕಥೆಲೋಕದಲ್ಲಿ ಯಾವುದು ನಿಜವಾಗಿ ನಡೆದದ್ದು ಎಂದು ಹಕ್ಕುದಾರರು ಒಪ್ಪುತ್ತಾರೋ ಅದು ಕ್ಯಾನನ್. ಸ್ಟಾರ್ ವಾರ್ಸ್‌ಗೆ ಸಿನಿಮಾದಾಚೆ ನೂರಾರು ಕಾದಂಬರಿ, ಕಾಮಿಕ್ಸ್, ಗೇಮ್‌ಗಳಿದ್ದವು. ಅವುಗಳಲ್ಲಿ ಲ್ಯೂಕ್‌ಗೆ ಮದುವೆಯಾಗಿ ಮಗನೂ ಇದ್ದ. 2012ರ ಅಕ್ಟೋಬರ್‌ನಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರಿಗೆ ಲೂಕಸ್‌ಫಿಲ್ಮ್ ಕೊಂಡಿತು. 2014ರ ಏಪ್ರಿಲ್‌ನಲ್ಲಿ ಆ ಹಳೆಯ ಕಥೆಗಳನ್ನೆಲ್ಲ ಕ್ಯಾನನ್‌ನಿಂದ ತೆಗೆದು "ಲೆಜೆಂಡ್ಸ್" ಎಂದು ಬೇರೆ ಇಟ್ಟರು. ಪುಸ್ತಕಗಳು ಅಂಗಡಿಯಲ್ಲಿ ಉಳಿದವು, ಅದರಲ್ಲಿನ ಘಟನೆಗಳು ಮಾತ್ರ ನಡೆದೇ ಇಲ್ಲ ಎಂದಾಯಿತು.

ನಮಗೆ ಇದು ತಮಾಷೆಯಾಗಿ ಕಾಣಬಹುದು. ವ್ಯಾಸರ ಭಾರತದಲ್ಲಿ ದ್ರೌಪದಿಗೆ ಐವರು ಗಂಡಂದಿರು, ಪಂಪನ ಭಾರತದಲ್ಲಿ ಅರ್ಜುನ ಒಬ್ಬನೇ. ಎರಡೂ ನಮ್ಮಲ್ಲಿ ಚೆನ್ನಾಗಿವೆ. ಯಾವುದು ಅಧಿಕೃತ ಎಂದು ಹೇಳಲು ಯಾವ ಕಂಪನಿಯೂ ಬರುವುದಿಲ್ಲ. ಅಲ್ಲಿ ಕಥೆಗೆ ಮಾಲೀಕರಿದ್ದಾರೆ, ಹಾಗಾಗಿ ಸಿಟ್ಟು ತೋರಿಸಲು ಒಂದು ವಿಳಾಸವೂ ಇದೆ.

ಹೋಟೆಲು ಕೈ ಬದಲಾದಾಗ

ನಿಮ್ಮ ಬೀದಿಯ ಹಳೇ ಹೋಟೆಲನ್ನು ಹೊಸಬರು ಕೊಂಡರು ಅಂದುಕೊಳ್ಳಿ. ಸಾಂಬಾರ್ ಹಾಗೇ ಇಟ್ಟರೆ "ಇದರಲ್ಲಿ ಹೊಸದೇನು" ಅಂತಾರೆ. ಬದಲಿಸಿದರೆ "ಆ ರುಚಿ ಇಲ್ಲ" ಅಂತಾರೆ. ಡಿಸ್ನಿ ಮೂರು ಸಿನಿಮಾದಲ್ಲಿ ಎರಡೂ ಮಾತು ಕೇಳಿಸಿಕೊಂಡಿತು.

ಜೆ.ಜೆ. ಏಬ್ರಮ್ಸ್ ನಿರ್ದೇಶನದ ಏಳನೇ ಭಾಗ (2015) ಹಳೇ ಸಾಂಬಾರ್. ಮರಳುಗಾಡಿನ ಅನಾಥೆ ರೇ, ರಹಸ್ಯ ಹೊತ್ತ ರೋಬೋ, ಗ್ರಹಗಳನ್ನೇ ಸಿಡಿಸುವ ಅಸ್ತ್ರ, ಎಲ್ಲ 1977ರ ಅಚ್ಚು. ಜಗತ್ತಿನಾದ್ಯಂತ 200 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ರೈಯಾನ್ ಜಾನ್ಸನ್ ನಿರ್ದೇಶಿಸಿದ ಎಂಟನೇ ಭಾಗ (2017) ಪಾಕವನ್ನೇ ಬದಲಿಸಿತು. ಜಗಳದ ಕಾವು ಹೆಚ್ಚಿರುವುದು ಇಲ್ಲೇ.

ಅದರಲ್ಲಿ ಲ್ಯೂಕ್ ಸೋತು, ಬೇಸತ್ತು, ಒಂದು ದ್ವೀಪದಲ್ಲಿ ಅಡಗಿರುವ ಮುದುಕ. ರೇ ತಂದುಕೊಟ್ಟ ಲೈಟ್‌ಸೇಬರನ್ನು ಹೆಗಲ ಹಿಂದಕ್ಕೆ ಎಸೆಯುತ್ತಾನೆ. ಒಂದು ಕ್ಷಣದ ಮಟ್ಟಿಗೆ ಅಕ್ಕರೆಯ ಸೋದರಳಿಯನನ್ನೇ ಕೊಲ್ಲಲು ಯೋಚಿಸಿದ್ದವನು. ವೇಡರನಲ್ಲೂ ಒಳ್ಳೆಯದನ್ನು ಕಂಡವನು ಹೀಗಾಗುತ್ತಾನೆಯೇ ಎಂದು ಒಂದು ಪಕ್ಷ. ಲ್ಯೂಕ್ ಪಾತ್ರಧಾರಿ ಮಾರ್ಕ್ ಹ್ಯಾಮಿಲ್‌ಗೂ ಮೊದಲು ಇದು ಒಪ್ಪಿಗೆಯಾಗಿರಲಿಲ್ಲ. ದೊಡ್ಡವರೂ ಎಡವುತ್ತಾರೆ, ಎದ್ದು ನಿಲ್ಲುವುದೇ ಕಥೆ ಎಂದು ಇನ್ನೊಂದು ಪಕ್ಷ.

ರೇಯ ಹುಟ್ಟಿನದ್ದು ಮತ್ತೊಂದು ಜಗಳ. ಎಂಟನೇ ಭಾಗ ಅವಳ ಅಪ್ಪ ಅಮ್ಮ ಯಾರೂ ಅಲ್ಲದ ಸಾಮಾನ್ಯರು ಅಂದಿತು. ಶಕ್ತಿಗೆ ಕುಲ ಬೇಕಿಲ್ಲ ಎಂದು ಒಂದು ಗುಂಪು ಹಿಗ್ಗಿತು. ಏಬ್ರಮ್ಸ್ ಮತ್ತೆ ಬಂದು ಮಾಡಿದ ಒಂಬತ್ತನೇ ಭಾಗ (2019) ಅವಳನ್ನು ದುಷ್ಟ ಚಕ್ರವರ್ತಿ ಪ್ಯಾಲ್ಪಟೀನ್‌ನ ಮೊಮ್ಮಗಳು ಮಾಡಿತು. ಕರ್ಣ ನಿಜಕ್ಕೂ ಸೂತನ ಮಗನೇ ಆಗಿದ್ದರೆ ಕಥೆ ಇನ್ನೂ ಗಟ್ಟಿಯಾಗುತ್ತಿತ್ತೇ? ಈ ಜಗಳದ ಹೂರಣ ಆ ಪ್ರಶ್ನೆಯೇ. ನನ್ನ ಒಲವು ಎಂಟನೆಯದರ ಕಡೆಗೆ.

ಪ್ಯಾಲ್ಪಟೀನ್ ಆರನೇ ಭಾಗದಲ್ಲೇ ಸತ್ತಿದ್ದ. ಒಂಬತ್ತರಲ್ಲಿ ಒಂದು ಪಾತ್ರ ಅವನು ಹೇಗೋ ವಾಪಸ್ ಬಂದಿದ್ದಾನೆ ಅಂದುಬಿಡುತ್ತದೆ. ಅವನು ಲೋಕಕ್ಕೆ ಕಳಿಸಿದ ಬೆದರಿಕೆಯ ಸಂದೇಶ ಸಿನಿಮಾದಲ್ಲಿಲ್ಲ. ಅದನ್ನು ಕೇಳಿಸಿದ್ದು ಫೋರ್ಟ್‌ನೈಟ್ ಎಂಬ ವಿಡಿಯೋ ಗೇಮ್‌ನಲ್ಲಿ! ಈ ಒಂದು ವಿಷಯದಲ್ಲಿ ಎಲ್ಲ ಪಕ್ಷಗಳೂ ಒಂದಾಗಿ ತಲೆ ಚಚ್ಚಿಕೊಳ್ಳುತ್ತವೆ.

ಜನರಿಗೆ ನಿಜಕ್ಕೂ ಏನನಿಸಿತು ಎಂದು ಅಳೆಯುವುದೂ ಕಷ್ಟ. ಎಂಟನೇ ಭಾಗಕ್ಕೆ ರಾಟನ್ ಟೊಮ್ಯಾಟೋಸ್ ಎಂಬ ವಿಮರ್ಶೆಯ ವೆಬ್‌ಸೈಟಿನಲ್ಲಿ ವಿಮರ್ಶಕರ ಅಂಕ ನೂರಕ್ಕೆ 90ರ ಆಸುಪಾಸು, ಪ್ರೇಕ್ಷಕರದ್ದು 40ರ ಆಸುಪಾಸು. ಆದರೆ ಥಿಯೇಟರ್ ಬಾಗಿಲಲ್ಲೇ ಅಭಿಪ್ರಾಯ ಕೇಳುವ ಸಿನಿಮಾಸ್ಕೋರ್‌ನಲ್ಲಿ ಅದೇ ಸಿನಿಮಾಕ್ಕೆ ಎ ದರ್ಜೆ. ಆನ್‌ಲೈನಿನಲ್ಲಿ ಆಗ ಟಿಕೆಟ್ ಕೊಳ್ಳದವರೂ ಅಂಕ ಹಾಕಬಹುದಿತ್ತು. ಬಾಗಿಲಲ್ಲಿ ಸಿಗುವವರು ಮೊದಲ ದಿನವೇ ಓಡಿಬಂದ ಉತ್ಸಾಹಿಗಳು. ಎರಡೂ ಕಡೆ ತಕ್ಕಡಿ ಸ್ವಲ್ಪ ವಾಲಿದೆ. ಜಗಳ ಸಿನಿಮಾ ದಾಟಿ ನಟರ ಮೇಲೂ ತಿರುಗಿತು. ಕೆಲ್ಲಿ ಮೇರಿ ಟ್ರಾನ್ ಎಂಬ ನಟಿ ನಿಂದನೆ ತಾಳಲಾರದೆ 2018ರಲ್ಲಿ ಇನ್‌ಸ್ಟಾಗ್ರಾಂ ಪೋಸ್ಟುಗಳನ್ನೆಲ್ಲ ಅಳಿಸಿದರು.

ಯಾವ ಕ್ರಮದಲ್ಲಿ ನೋಡುವುದು?

ಬಿಡುಗಡೆಯಾದ ಕ್ರಮದಲ್ಲಿ ನೋಡಿದರೆ ಅಪ್ಪನ ಗುಟ್ಟು ಗುಟ್ಟಾಗಿ ಉಳಿಯುತ್ತದೆ. ನಂಬರ್ ಪ್ರಕಾರ ನೋಡಿದರೆ ಆ ಗುಟ್ಟು ಮೂರನೇ ಸಿನಿಮಾದಲ್ಲೇ ಹೋಯಿತು. ಎರಡರ ನಡುವಿನ ದಾರಿ ಮಚೆಟೆ ಆರ್ಡರ್: 4, 5, ಆಮೇಲೆ 2, 3, ಕೊನೆಗೆ 6. ಗುಟ್ಟು ಗೊತ್ತಾದ ಕೂಡಲೇ ಅಪ್ಪನ ಹಿಂದಿನ ಕಥೆ, ನಂತರ ಮುಕ್ತಾಯ. ಮೊದಲ ಭಾಗವನ್ನು ಬಿಟ್ಟೇಬಿಡುತ್ತಾರೆ, ಜಾರ್ ಜಾರ್ ಕಾಟವೂ ಬಹುಪಾಲು ತಪ್ಪುತ್ತದೆ. ಈ ಮನೆತನದ ಜಗಳವೇ ಬೇಡ ಅನ್ನುವವರು 2016ರ ರೋಗ್ ವನ್ ನೋಡಬಹುದು, ಅದು ಹೆಚ್ಚುಕಡಿಮೆ ಬಿಡಿ ಕಥೆ.

ಕಳೆದ ಭಾನುವಾರ ಅಮ್ಮನಿಗೆ ನಾಲ್ಕನೇ ಭಾಗ ಹಾಕಿಕೊಟ್ಟೆ. ಸ್ಟ್ರೀಮಿಂಗ್‌ನಲ್ಲಿ ಸಿಗುವುದು ಮಕ್ಲಂಕಿ ಇರುವ ಪ್ರತಿಯೇ. ಹೆಂಡದಂಗಡಿಯ ದೃಶ್ಯ ಬಂದಾಗ ಅಮ್ಮ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಹಿಂದಕ್ಕೆ ಹಾಕಿಸಿದರು. "ಇಬ್ಬರೂ ಒಟ್ಟಿಗೇ ಹೊಡೆದರಲ್ಲೋ" ಅಂದರು. ಅಕ್ಕನ ಮಗನಿಗೆ ಇನ್ನೂ ಹೇಳಿಲ್ಲ.